ಸುರುಳಿಗೂದಲೂ ಅದರ ಆರೈಕೆಯೂ

ಮನುಷ್ಯನ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಯಾವ ದೇಶದವರ ತಲೆಯ ಮೇಲೆ ಬೆಳೆದರೂ ಅವೆಲ್ಲವೂ ಒಂದೇ ಪದಾರ್ಥದಿಂದ ಆದುವು. ಹೀಗಿದ್ದೂ ಒಬ್ಬರ ಕೂದಲು ನೂಲೆಳೆಯಂತೆ ನೇರವಾಗಿ ಇಳಿಬಿದ್ದಿರುತ್ತದೆ, ಇನ್ನೊಬ್ಬರದು ಅಲೆಅಲೆಯಾಗಿರುತ್ತದೆ, ಮತ್ತೊಬ್ಬರದು ತಂತಿಯ ಸುರುಳಿಯಂತೆ ಬಿಗಿಯಾಗಿ ಸುತ್ತಿಕೊಂಡು ತಲೆಯನ್ನು ಆವರಿಸಿರುತ್ತದೆ. ಈ ಭೇದಕ್ಕೆ ಕಾರಣವೇನು? ಇಷ್ಟು ಭೇದವಿರುವ ಕೂದಲುಗಳಿಗೆಲ್ಲ ಒಂದೇ ಬಗೆಯ ಆರೈಕೆ ಹೊಂದುವುದೆ? ಈ ಲೇಖನದಲ್ಲಿ ನಾವು ವಿಚಾರಮಾಡಬೇಕೆಂದಿರುವುದು ಈ ಎರಡು ಪ್ರಶ್ನೆಗಳನ್ನು.

ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಮಗ್ಗುಲಲ್ಲಿ, ಪುಟ್ಟೇನಹಳ್ಳಿ ಎಂಬ ಊರಿದೆ. ಕೆರೆಯ ದಡದ ಈ ಹಳ್ಳಿ ಇಂದು ನಗರದೊಳಗೆ ಸೇರಿಹೋಗಿದೆ. ಓದಿಗಾಗಿಯೂ ಉದ್ಯೋಗಕ್ಕಾಗಿಯೂ ನಾನಾ ದೇಶಗಳ ಜನರು ಬೆಂಗಳೂರಿಗೆ ಬರುತ್ತಾರೆ. ಇಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಾಯಿ ಕನ್ನಡದವಳು, ತಂದೆ ಪೂರ್ವ ಆಫ್ರಿಕದಿಂದ ಓದಲು ಬಂದು ಇಲ್ಲಿಯೇ ನೆಲಸಿದವನು, ಅವರಿಗೆ ಐದು ವರ್ಷದ ಹೆಣ್ಣುಮಗು. ಮಗುವಿನ ಕೂದಲು ತಂದೆಯ ಕೂದಲಿನಂತೆ ಬಿಗಿಸುರುಳಿ. ತಾಯಿಗೂ ಅಜ್ಜಿಗೂ ತಿಳಿದಿರುವುದು ತಮ್ಮ ಮನೆಯ ಕ್ರಮ: ತಲೆಗೆ ಎರೆದು, ಬಟ್ಟೆಯಿಂದ ಚೆನ್ನಾಗಿ ತಿಕ್ಕಿ ಒಣಗಿಸಿ, ಒತ್ತು ಹಲ್ಲಿನ ಬಾಚಣಿಗೆಯಿಂದ ಬುಡದಿಂದ ತುದಿಯವರೆಗೆ ಸಿಕ್ಕು ಬಿಡಿಸಿ, ಬಿಗಿಯಾಗಿ ಎರಡು ಜಡೆ ಹೆಣೆಯುವುದು. ತಲೆತಲಾಂತರದಿಂದ ಫಲ ಕೊಟ್ಟಿರುವ ಈ ಕ್ರಮ ಈ ಮಗುವಿನ ತಲೆಯ ಮೇಲೆ ಮಾತ್ರ ಸೋಲುತ್ತದೆ. ಬಾಚಣಿಗೆಯ ಹಲ್ಲು ಮುರಿಯುತ್ತದೆ, ಕೂದಲು ತುಂಡಾಗುತ್ತದೆ, ಮಗು ಅಳುತ್ತದೆ. "ಈ ಕೂದಲೇ ಸರಿಯಿಲ್ಲ" ಎಂಬ ಮಾತು ಮಗುವಿನ ಕಿವಿಗೆ ಬೀಳುತ್ತದೆ. ಕೂದಲೇನೋ ಸರಿಯಾಗಿಯೇ ಇದೆ; ಕ್ರಮ ಅದಕ್ಕೆ ಹೊಂದುವುದಿಲ್ಲ. ಇದನ್ನು ಭೌತವಿಜ್ಞಾನದ ಸಾಮಾನ್ಯ ತತ್ತ್ವಗಳಿಂದಲೇ ತೋರಿಸಿಕೊಡಬಹುದು.

ನಮ್ಮ ನಾಡಿಗೆ ಹೊಸದಲ್ಲ

ಬಿಗಿಸುರುಳಿಯ ಕೂದಲು ಕನ್ನಡನಾಡಿಗೆ ಈಚೆಗೆ ಬಂದುದೆಂದು ಯಾರೂ ತಿಳಿಯಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡುಸೀಮೆಯಲ್ಲಿಯೂ ಅದಕ್ಕೆ ಹೊಂದಿದ ಧಾರವಾಡ, ಬೆಳಗಾವಿ ಜಿಲ್ಲೆಗಳ ಅಂಚಿನಲ್ಲಿಯೂ ಸಿದ್ದಿ ಜನರು ಅನೇಕ ತಲೆಮಾರುಗಳಿಂದ ವಾಸವಾಗಿದ್ದಾರೆ. ಇವರ ಪೂರ್ವಿಕರು ಆಫ್ರಿಕದವರು; ಅವರಲ್ಲಿ ಬಹುಮಂದಿ ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಸಹ್ಯಾದ್ರಿಯ ಕಾಡುಗಳನ್ನು ಸೇರಿದರು. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಕರ್ನಾಟಕದ ಮತ್ತು ಗುಜರಾತಿನ ಸಿದ್ದಿಯರ ವಂಶವಾಹಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಇವರಲ್ಲಿ ಆಫ್ರಿಕದ ಅಂಶದೊಡನೆ ಭಾರತೀಯ ಅಂಶವೂ, ಪ್ರಾಯಶಃ ಯೂರೋಪಿನ ಅಂಶವೂ ಬೆರೆತಿದೆಯೆಂದೂ, ಈ ಬೆರಕೆ ಸುಮಾರು 200 ವರ್ಷಗಳ ಹಿಂದೆ, ಎಂದರೆ ಸುಮಾರು ಎಂಟು ತಲೆಮಾರುಗಳ ಹಿಂದೆ, ನಡೆಯಿತೆಂದೂ ಕಂಡುಕೊಂಡಿತು. ಪುಟ್ಟೇನಹಳ್ಳಿಯ ಆ ಮಗುವಿನ ಮನೆಯಲ್ಲಿ ಈಗ ಆಗಿರುವುದು ಯಲ್ಲಾಪುರದ ಕಾಡಂಚಿನಲ್ಲಿ ಎರಡು ಶತಮಾನಗಳ ಹಿಂದೆಯೇ ಆಗಿದೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ರಾಜ್ಯದ ವಿಧಾನಪರಿಷತ್ತಿಗೆ ನಾಮಕರಣಗೊಂಡರು. ಈ ಕೂದಲನ್ನು ಪರದೇಶದ ವಿಚಿತ್ರವೆಂದು ನೋಡುವವರು ನಮ್ಮ ನಾಡನ್ನೇ ಪೂರ್ತಿಯಾಗಿ ನೋಡಿದವರಲ್ಲ.

ಕೂದಲಿನ ರಚನೆ

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದ ನಾರು. ನಮ್ಮ ಉಗುರು, ಕುರಿಯ ಉಣ್ಣೆ, ದನದ ಗೊರಸುಗಳಲ್ಲಿರುವುದೂ ಇದೇ. ಕೂದಲನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹೊರಗೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಒರಗಿರುವ ಚಿಕ್ಕ ಚಿಕ್ಕ ಹುರುಪೆಗಳ ಹೊರಪೊರೆಯೂ, ಅದರೊಳಗೆ ಕೂದಲಿಗೆ ಬಲವನ್ನು ಕೊಡುವ ನಾರುಪದರವೂ ಕಾಣುತ್ತವೆ. ದಪ್ಪ ಕೂದಲಿನಲ್ಲಿ ನಡುವೆ ತೆಳುವಾದ ತಿರುಳೊಂದು ಇರುವುದುಂಟು. ಒಟ್ಟು ದಪ್ಪವು ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು.

ಕೆರಾಟಿನ್ನಿನ ಉದ್ದವಾದ ಅಣುಗಳೇ ಸುರುಳಿಯಾಕಾರದವು. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ವಿಲಿಯಂ ಆಸ್ಟ್ಬರಿ 1930ರ ದಶಕದಲ್ಲಿ ಉಣ್ಣೆಯ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ಉಣ್ಣೆಯನ್ನು ಎಳೆದಾಗ ಅದರ ಅಣುಗಳು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬಿಚ್ಚಿಕೊಳ್ಳುವುದನ್ನು ಕಂಡುಹಿಡಿದನು. ಆ ಮೊದಲ ರೂಪವು ಆಲ್ಫಾ ಸುರುಳಿಯೆಂಬುದನ್ನು ಲೈನಸ್ ಪಾಲಿಂಗ್ ಮತ್ತು ಅವನ ಸಂಗಡಿಗರು 1951ರಲ್ಲಿ ತೋರಿಸಿಕೊಟ್ಟರು. ಆದರೆ ಈ ಅಣುಸುರುಳಿ ನೇರ ಕೂದಲಿನಲ್ಲಿಯೂ ಇದೆ. ಕಣ್ಣಿಗೆ ಕಾಣುವ ಸುರುಳಿಗೆ ಇದು ಕಾರಣವಲ್ಲ.

ಅಣುಗಳನ್ನು ಒಂದಕ್ಕೊಂದು ಬಿಗಿದಿಡುವ ಬಂಧಗಳಲ್ಲಿ ಎರಡನ್ನು ನಾವು ನೆನಪಿಡಬೇಕು. ಒಂದು ಜಲಜನಕದ ಬಂಧ. ಇದು ಬಲವಿಲ್ಲದ್ದು, ನೀರು ತಗುಲಿದರೆ ಬಿಟ್ಟು, ಒಣಗಿದರೆ ಮತ್ತೆ ಕೂಡುತ್ತದೆ. ಇನ್ನೊಂದು ಗಂಧಕದ ಬಂಧ. ಇದು ಗಟ್ಟಿಯಾದುದು, ನೀರಿಗೆ ಜಗ್ಗುವುದಿಲ್ಲ. ಕೂದಲು ಸುಟ್ಟಾಗ ಹೊರಡುವ ಕಮಟು ವಾಸನೆಯಲ್ಲಿ ಈ ಗಂಧಕದ ಪಾಲಿದೆ. ಮಿಂದಾಗ ಸಡಿಲವಾದ ಸುರುಳಿ ಒಣಗಿದ ಮೇಲೆ ಮತ್ತೆ ತನ್ನ ಮೊದಲಿನ ಆಕಾರಕ್ಕೇ ಬರುವುದು ಏಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸುರುಳಿ ಏಕೆ?

ಒಂದು ಕಾಗದದ ಪಟ್ಟಿಯನ್ನು ಅಳತೆಪಟ್ಟಿಯ ಅಂಚಿಗೆ ಒತ್ತಿ ಸರಕ್ಕನೆ ಎಳೆಯಿರಿ, ಪಟ್ಟಿ ಸುರುಳಿಯಾಗುತ್ತದೆ. ಅದರ ಒಂದು ಮುಖ ಇನ್ನೊಂದಕ್ಕಿಂತ ತುಸು ಹೆಚ್ಚು ಹಿಗ್ಗಿದುದೇ ಇದಕ್ಕೆ ಕಾರಣ. ಹಿತ್ತಾಳೆ ಮತ್ತು ಉಕ್ಕಿನ ಹಾಳೆಗಳನ್ನು ಬೆಸೆದು ಮಾಡಿದ ಪಟ್ಟಿ ಕಾಯಿಸಿದಾಗ ಬಾಗುವುದೂ ಹೀಗೆಯೇ. ಯಾವ ಎಳೆಯಲ್ಲಾದರೂ ಎರಡು ಪಕ್ಕಗಳು ಸಮನಾಗಿಲ್ಲದಿದ್ದರೆ ಅದು ಬಾಗಲೇಬೇಕು. ಬಾಗುವುದರೊಡನೆ ತಿರುಚಿಕೊಂಡರೆ ಸುರುಳಿಯಾಗಬೇಕು.

ಕೂದಲಿನಲ್ಲಿ ಈ ಅಸಮತೆ ಹುಟ್ಟುವುದು ರೋಮಕೂಪದಲ್ಲಿ. ನೇರ ಕೂದಲಿನ ಕೂಪ ನೆಟ್ಟಗಿರುತ್ತದೆ. ಸುರುಳಿಗೂದಲಿನ ಕೂಪ ಕುಡುಗೋಲಿನಂತೆ ಬಾಗಿರುತ್ತದೆ, ಅದರ ಬುಡದಲ್ಲಿ ಒಂದು ಪಕ್ಕದ ಜೀವಕೋಶಗಳು ಇನ್ನೊಂದು ಪಕ್ಕದವುಗಳಂತೆ ಬೆಳೆಯುವುದಿಲ್ಲ. ಫ್ರಾನ್ಸಿನ ಸಂಶೋಧಕರು ಇಂಥ ಕೂಪಗಳನ್ನು ಚರ್ಮದಿಂದ ಬೇರ್ಪಡಿಸಿ ಗಾಜಿನ ಪಾತ್ರೆಯಲ್ಲಿ ಬೆಳೆಸಿದಾಗಲೂ ಕೂದಲು ಬಾಗಿಯೇ ಬೆಳೆಯಿತೆಂದು 2005ರಲ್ಲಿ ಪ್ರಕಟವಾಯಿತು. ಎಣ್ಣೆಯಿಂದಾಗಲಿ ಬಾಚಣಿಗೆಯಿಂದಾಗಲಿ ಬೆಳೆಯುವ ಕೂದಲಿನ ಆಕಾರವನ್ನು ಬದಲಿಸುವುದು ಸಾಧ್ಯವಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.

ಬಿಗಿಸುರುಳಿಯ ಕೂದಲಿನ ಅಡ್ಡಕೊಯ್ತ ದುಂಡಗಿರದೆ ಚಪ್ಪಟೆಯಾದ ಅಂಡಾಕಾರವಾಗಿರುತ್ತದೆ. ಅದರ ಉದ್ದನೆಯ ವ್ಯಾಸ ಗಿಡ್ಡ ವ್ಯಾಸದ ಒಂದೂ ಮುಕ್ಕಾಲು ಪಾಲು ಇದೆಯೆಂದು ಇಟ್ಟುಕೊಳ್ಳೋಣ. ಬಾಗುವಿಕೆಗೆ ಒಡ್ಡುವ ಪ್ರತಿರೋಧವು ಎರಡು ದಿಕ್ಕುಗಳಲ್ಲಿ ಈ ಪ್ರಮಾಣದ ವರ್ಗದಂತೆ ಬೇರೆಯಾಗುತ್ತದೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ತೊಲೆಗಳ ಅಧ್ಯಾಯದಲ್ಲಿ ಓದಿರುತ್ತಾರೆ. ಎಂದರೆ ಈ ಕೂದಲು ಒಂದು ದಿಕ್ಕಿಗಿಂತ ಇನ್ನೊಂದು ದಿಕ್ಕಿಗೆ ಸುಮಾರು ಮೂರು ಪಾಲು ಸುಲಭವಾಗಿ ಬಾಗುತ್ತದೆ. ಕೂದಲು ತಿರುಚಿಕೊಂಡಲ್ಲೆಲ್ಲ ಈ ದಿಕ್ಕೂ ತಿರುಗುತ್ತ ಹೋಗುವುದರಿಂದ, ಆ ತಿರುವುಗಳೇ ಅದರ ದುರ್ಬಲ ಸ್ಥಾನಗಳಾಗುತ್ತವೆ.

ಸುರುಳಿಯ ಮೇಲೆ ಗುರುತ್ವಾಕರ್ಷಣದ ಪ್ರಭಾವವೂ ಇದೆ. ತೂಗುಬಿಟ್ಟ ಬಾಗಿದ ಎಳೆಗಳನ್ನು ಕುರಿತು ಅಮೆರಿಕ ಮತ್ತು ಫ್ರಾನ್ಸ್ ದೇಶಗಳ ಭೌತವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳೆಯ ಮೇಲ್ಭಾಗವು ಕೆಳಗಿನ ಭಾಗದ ಭಾರವನ್ನು ಹೊತ್ತು ನೆಟ್ಟಗಾಗುವುದನ್ನೂ, ಭಾರವಿಲ್ಲದ ತುದಿಯು ಸುತ್ತಿಕೊಂಡೇ ಇರುವುದನ್ನೂ ಲೆಕ್ಕ ಹಾಕಿ ತೋರಿಸಿದರು. ಅಲೆಗೂದಲನ್ನು ಗಿಡ್ಡವಾಗಿ ಕತ್ತರಿಸಿದೊಡನೆ ಅದು ಹೆಚ್ಚು ಸುರುಳಿಯಾದಂತೆ ತೋರುವುದು ಇದರಿಂದಲೇ.

ಒಂದೇ ಮನೆಯ ಎರಡು ಮಕ್ಕಳು

ಕೂದಲಿನ ಆಕಾರವನ್ನು ನಿರ್ಧರಿಸುವ ವಂಶವಾಹಿ ಒಂದೇ ಅಲ್ಲ, ಅನೇಕ. ಟ್ರೈಕೊಹಯಾಲಿನ್ ಎಂಬ ಪ್ರೋಟೀನಿಗೆ ಸಂಬಂಧಿಸಿದ ವಂಶವಾಹಿಯ ಒಂದು ಭೇದವು ಯೂರೋಪಿನ ಮೂಲದವರಲ್ಲಿ ನೇರ ಕೂದಲಿನೊಡನೆ ಕಂಡುಬರುತ್ತದೆ. ಪೂರ್ವ ಏಷ್ಯದವರ ದಪ್ಪನೆಯ ನೇರ ಕೂದಲಿಗೆ ಸಂಬಂಧಿಸಿದುದು ಬೇರೊಂದು ವಂಶವಾಹಿ. ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಎಂದು ಎಲೆಗಳನ್ನು ಹಂಚಿದಂತೆ ಇವು ಮಗುವಿಗೆ ಬರುತ್ತವೆ. ಪ್ರತಿ ಸಲವೂ ಹಂಚಿಕೆ ಬೇರೆ. ಆದುದರಿಂದ ಅಕ್ಕನ ಕೂದಲು ಬಿಗಿಸುರುಳಿಯಾಗಿದ್ದು ತಮ್ಮನದು ಬರಿಯ ಅಲೆಯಾಗಿರಬಹುದು. ಒಂದೇ ತಲೆಯಲ್ಲಿ ಮುಂದಲೆಯ ಸುರುಳಿ ಸಡಿಲವಾಗಿಯೂ ಹಿಂದಲೆಯದು ಬಿಗಿಯಾಗಿಯೂ ಇರಬಹುದು. ಜಗತ್ತಿನ ಕೂದಲುಗಳನ್ನು ಅಳೆದ ವಿಜ್ಞಾನಿಗಳು 2007ರಲ್ಲಿ ಅವುಗಳನ್ನು ಸುರುಳಿಯ ಬಿಗಿತಕ್ಕೆ ಅನುಸಾರವಾಗಿ ಎಂಟು ಬಗೆಗಳಾಗಿ ವಿಂಗಡಿಸಿದರು. ಜನಾಂಗದ ಹೆಸರುಗಳನ್ನು ಕೈಬಿಟ್ಟು ಅಳತೆಯನ್ನು ಮಾತ್ರ ಆಧಾರವಾಗಿ ಇಟ್ಟುಕೊಂಡುದು ಈ ವಿಂಗಡಣೆಯ ವಿಶೇಷ.

ಇದನ್ನು ತಿಳಿಯದೆ ಹೋದರೆ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ಒಂದು ಕಹಿ ನಿದರ್ಶನವಿದೆ. ದಕ್ಷಿಣ ಆಫ್ರಿಕದಲ್ಲಿ 1950ರ ಜನಸಂಖ್ಯಾ ನೋಂದಣಿ ಕಾಯಿದೆಯ ಪ್ರಕಾರ ಪ್ರತಿಯೊಬ್ಬನನ್ನೂ ಒಂದು ಜನಾಂಗಕ್ಕೆ ಸೇರಿಸಿ ಬರೆಯಲಾಗುತ್ತಿತ್ತು. ಸಂದೇಹ ಬಂದಲ್ಲಿ ಕೂದಲಿನಲ್ಲಿ ಪೆನ್ಸಿಲೊಂದನ್ನು ಸಿಕ್ಕಿಸಿ, ಅದು ಜಾರಿ ಬೀಳುವುದೋ ನಿಲ್ಲುವುದೋ ಎಂದು ನೋಡುವ ಪದ್ಧತಿಯೂ ಇತ್ತು. ಒಡಹುಟ್ಟಿದವರೇ ಬೇರೆ ಬೇರೆ ಜನಾಂಗಗಳ ಪಟ್ಟಿಗೆ ಸೇರಿಹೋದ ಉದಾಹರಣೆಗಳುಂಟು. ರೋಮಕೂಪದ ಬಾಗು ಎಷ್ಟೆಂಬುದರ ಮೇಲೆ ಒಬ್ಬನು ಎಲ್ಲಿ ವಾಸಿಸಬೇಕು, ಯಾವ ಶಾಲೆಯಲ್ಲಿ ಓದಬೇಕು ಎಂಬುದು ನಿರ್ಧಾರವಾಗುತ್ತಿತ್ತು! ಆ ಕಾಯಿದೆ 1991ರಲ್ಲಿ ರದ್ದಾಯಿತು.

ಕಣ್ಣಿಗೆ ಕಾಣದ ಉದ್ದ

"ಈ ಮಗುವಿಗೆ ಕೂದಲೇ ಬೆಳೆಯುವುದಿಲ್ಲ" ಎಂಬುದು ಮನೆಯವರ ಇನ್ನೊಂದು ದೂರು. ಒಂದು ಲೆಕ್ಕ ಮಾಡಿ ನೋಡೋಣ. ಸುರುಳಿಯ ತ್ರಿಜ್ಯ 3 ಮಿಲಿಮೀಟರು, ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಅಂತರ 4 ಮಿಲಿಮೀಟರು ಎಂದಿರಲಿ. ಒಂದು ಸುತ್ತನ್ನು ಬಿಚ್ಚಿ ಹರಡಿದರೆ, ಸುಮಾರು 18.8 ಮಿಲಿಮೀಟರಿನ ಪರಿಧಿಯೂ 4 ಮಿಲಿಮೀಟರಿನ ಅಂತರವೂ ಒಂದು ಲಂಬಕೋನ ತ್ರಿಭುಜದ ಎರಡು ಭುಜಗಳಾಗುತ್ತವೆ. ಪೈಥಾಗೊರಸನ ಪ್ರಮೇಯದಂತೆ ಕರ್ಣ, ಎಂದರೆ ಕೂದಲಿನ ನಿಜವಾದ ಉದ್ದ, ಸುಮಾರು 19.3 ಮಿಲಿಮೀಟರು. ಆದರೆ ಕಣ್ಣಿಗೆ ಕಾಣುವುದು 4 ಮಿಲಿಮೀಟರು ಮಾತ್ರ, ಸುಮಾರು ಐದರಲ್ಲಿ ಒಂದು ಪಾಲು. ಹದಿನೈದು ಸೆಂಟಿಮೀಟರು ಬೆಳೆದ ಕೂದಲು ಮೂರು ಸೆಂಟಿಮೀಟರಿನಂತೆ ತೋರುತ್ತದೆ.

ಬೆಳವಣಿಗೆಯ ವೇಗವೂ ಕೊಂಚ ಕಡಮೆ. ಫ್ರಾನ್ಸಿನಲ್ಲಿ ಅಳೆದು 2001ರಲ್ಲಿ ಪ್ರಕಟಿಸಿದಂತೆ, ಆಫ್ರಿಕದ ಯುವಜನರ ಕೂದಲು ದಿನಕ್ಕೆ ಸರಾಸರಿ 256 ಮೈಕ್ರಾನ್, ಯೂರೋಪಿನ ಮೂಲದವರದು 396 ಮೈಕ್ರಾನ್ ಬೆಳೆಯುತ್ತದೆ. ಮೊದಲನೆಯದು ವರ್ಷಕ್ಕೆ ಸುಮಾರು 9 ಸೆಂಟಿಮೀಟರು. ಮೇಲಿನ ಲೆಕ್ಕದಂತೆ ಅದರಲ್ಲಿ ಕಾಣುವುದು 2 ಸೆಂಟಿಮೀಟರಿಗಿಂತ ಕಡಮೆ. ಕೂದಲು ಬೆಳೆಯುತ್ತಿಲ್ಲವೆಂಬುದು ತೋರಿಕೆ. ನಿಜವಾದ ಪ್ರಶ್ನೆಯೆಂದರೆ ಬೆಳೆದ ಕೂದಲು ತುಂಡಾಗದಂತೆ ಉಳಿಸಿಕೊಳ್ಳುವುದು ಹೇಗೆಂಬುದು.

ಏಕೆ ತುಂಡಾಗುತ್ತದೆ?

ಕೂದಲನ್ನು ಮೆಲ್ಲಗೆ ಎಳೆದರೆ ಮೊದಲು ಶೇಕಡ 2ರಷ್ಟು ಹಿಗ್ಗುವವರೆಗೆ ಅದು ಹೂಕನ ನಿಯಮವನ್ನು ಪಾಲಿಸುತ್ತದೆ. ಅಲ್ಲಿಂದ ಮುಂದೆ ಶೇಕಡ 25–30ರವರೆಗೆ ಆಸ್ಟ್ಬರಿ ಕಂಡ ಅಣುಸುರುಳಿಗಳು ಬಿಚ್ಚಿಕೊಳ್ಳುತ್ತವೆ. ಅದನ್ನೂ ಮೀರಿ ಎಳೆದರೆ ಕೂದಲು ಬೇಗನೆ ಹರಿಯುತ್ತದೆ.

ಈಗ ಬಾಗಿದ ಎಳೆಯನ್ನು ಪರಿಶೀಲಿಸೋಣ. ಬಾಗಿನ ಹೊರಮೈ ಎಷ್ಟು ಹಿಗ್ಗುತ್ತದೆಂಬುದನ್ನು ತಿಳಿಯಲು ಎಳೆಯ ಅರ್ಧ ದಪ್ಪವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರೆ ಸಾಕು. ದಪ್ಪ 80 ಮೈಕ್ರಾನ್ ಆದರೆ ಅರ್ಧ 0.04 ಮಿಲಿಮೀಟರು. ಮೂರು ಮಿಲಿಮೀಟರಿನ ಸುರುಳಿಯನ್ನು ಮೆಲ್ಲನೆ ನೇರಮಾಡಿದರೆ ಮೈಮೇಲಿನ ಹಿಗ್ಗುವಿಕೆ ಶೇಕಡ 1.3, ಇದರಿಂದ ಕೂದಲಿಗೆ ಹಾನಿಯಿಲ್ಲ. ಆದರೆ ಸುರುಳಿ ತನ್ನ ಮೇಲೆ ತಾನೇ ಗಂಟುಹಾಕಿಕೊಂಡಿದ್ದು, ನಾವು ಎಳೆದಾಗ ಆ ಗಂಟಿನ ತ್ರಿಜ್ಯ 0.2 ಮಿಲಿಮೀಟರಿಗೆ ಬಿಗಿಯಿತೆನ್ನಿ. ಆಗ ಹಿಗ್ಗುವಿಕೆ ಶೇಕಡ 20! ಇನ್ನೂ ಸ್ವಲ್ಪ ಬಿಗಿದರೆ ಎಳೆ ತುಂಡಾಗುವುದು ಖಂಡಿತ. ಕೂದಲನ್ನು ಕೊಲ್ಲುವುದು ಸುರುಳಿಯಲ್ಲ, ಗಂಟು. ದಕ್ಷಿಣ ಆಫ್ರಿಕದ ಚರ್ಮವೈದ್ಯೆ ನೊನ್ಹ್ಲಾನ್ಹ್ಲಾ ಖುಮಾಲೊ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಸೂಕ್ಷ್ಮದರ್ಶಕದ ಅಧ್ಯಯನದಲ್ಲಿ ಬಿಗಿಸುರುಳಿಯ ಕೂದಲುಗಳಲ್ಲಿ ಹತ್ತಕ್ಕೆ ಒಂದರಷ್ಟಾದರೂ ಗಂಟುಬಿದ್ದಿದ್ದುವು. ನೇರ ಕೂದಲುಗಳಲ್ಲಿ ಗಂಟು ತೀರ ಅಪರೂಪವಾಗಿದ್ದಿತು.

ಎರಡನೆಯ ಕಾರಣ ಜಿಡ್ಡಿನ ಕೊರತೆ. ನೆತ್ತಿಯ ಗ್ರಂಥಿಗಳಿಂದ ಒಸರುವ ಜಿಡ್ಡು ನೇರ ಕೂದಲಿನ ಮೇಲೆ ಬಾಚಿದಂತೆಲ್ಲ ತುದಿಯವರೆಗೆ ಸಾಗುತ್ತದೆ; ಸುರುಳಿಯಲ್ಲಾದರೋ ಬುಡದಲ್ಲಿಯೇ ನಿಂತುಬಿಡುತ್ತದೆ. ಪುಟ್ಟೇನಹಳ್ಳಿಯ ಕೆರೆ 2015ರಿಂದ ಪಕ್ಷಿಗಳ ಸಂರಕ್ಷಿತ ಪ್ರದೇಶವಾಗಿದೆ. ಕೆರೆಗಳಲ್ಲಿ ಈಜುವ ಬಾತುಗಳು ಬಾಲದ ಬುಡದಲ್ಲಿರುವ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ತೆಗೆದು ಗರಿಗರಿಗೂ ಸವರಿಕೊಳ್ಳುವುದನ್ನು ನೋಡಿದವರಿಗೆ, ಎಣ್ಣೆಯನ್ನು ತುದಿಯವರೆಗೆ ಮುಟ್ಟಿಸುವುದಕ್ಕೆ ಶ್ರಮಪಡಬೇಕೆಂಬುದು ಮನದಟ್ಟಾಗುತ್ತದೆ. ಸುರುಳಿಗೂದಲಿಗೆ ಆ ಕೊಕ್ಕಿನ ಕೆಲಸವನ್ನು ಮಾಡಬೇಕಾದುದು ನಮ್ಮ ಬೆರಳು.

ಮೂರನೆಯದು ಹವೆ ಮತ್ತು ನೀರು. ಕೂದಲು ತೇವವನ್ನು ಹೀರಿ ಉದ್ದವಾಗುತ್ತದೆ. ಈ ಗುಣದಿಂದಲೇ ಜಿನೀವದ ಹೊರಾಸ್ ದ ಸೊಸ್ಯೂರ್ 1783ರಲ್ಲಿ ಕೂದಲಿನ ಆರ್ದ್ರತಾಮಾಪಕವನ್ನು ವರ್ಣಿಸಿದನು. ಪೂರ್ತಿ ಒಣ ಹವೆಯಿಂದ ಪೂರ್ತಿ ತೇವದ ಹವೆಗೆ ಬಂದಾಗ ಕೂದಲು ಶೇಕಡ 2ಕ್ಕೂ ತುಸು ಮೇಲ್ಪಟ್ಟು ಉದ್ದವಾಗುತ್ತದೆ, ನೀರಿನಲ್ಲಿ ನೆನೆದಾಗ ಅದರ ದಪ್ಪ ಶೇಕಡ 14ರಷ್ಟು ಹೆಚ್ಚುತ್ತದೆ. ಬೆಂಗಳೂರಿನಲ್ಲಿ ಬೇಸಿಗೆಯ ಮಧ್ಯಾಹ್ನ ಗಾಳಿ ತೀರ ಒಣಗಿರುತ್ತದೆ. ಆಗ ಸುರುಳಿಗೂದಲು ಬಿರುಸಾಗುತ್ತದೆ. ಇದರ ಮೇಲೆ, ನಗರದ ಹೊರವಲಯದ ಅನೇಕ ಮನೆಗಳಲ್ಲಿ ಬಳಸುವ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಕರಗದ ಕಿಟ್ಟವಾಗಿ ಕೂದಲಿಗೆ ಅಂಟುತ್ತವೆ. ಎಳೆಗಳ ನಡುವಣ ಘರ್ಷಣೆ ಹೆಚ್ಚುತ್ತದೆ.

ಒಗ್ಗುವ ಕ್ರಮ

ಮೇಲಿನ ಕಾರಣಗಳನ್ನು ತಿಳಿದವರಿಗೆ ಆರೈಕೆಯ ಕ್ರಮ ತಾನಾಗಿಯೇ ಹೊಳೆಯುತ್ತದೆ. ಅಜ್ಜಿಯ ಸಾಮಗ್ರಿಗಳೆಲ್ಲ ಸರಿ. ಅವುಗಳ ಅನುಕ್ರಮವನ್ನು ಮಾತ್ರ ತಿರುಗುಮುರುಗು ಮಾಡಬೇಕು.

ನೇರ ಕೂದಲನ್ನು ಒಣಗಿಸಿ ಬಾಚುತ್ತೇವೆ, ಏಕೆಂದರೆ ಒದ್ದೆಯಾದಾಗ ಅದರ ಎಳೆಗಳು ಒಂದಕ್ಕೊಂದು ಅಂಟಿ ಬಾಚಲು ಹೆಚ್ಚು ಬಲ ಬೇಕಾಗುತ್ತದೆ. ಬಿಗಿಸುರುಳಿಯಲ್ಲಿ ಇದಕ್ಕೆ ವಿರುದ್ಧ. ಒದ್ದೆಯಾದಾಗ ಜಲಜನಕದ ಬಂಧಗಳು ಬಿಟ್ಟು ಸುರುಳಿ ಸಡಿಲವಾಗುವುದರಿಂದ ಬಾಚಲು ಬೇಕಾಗುವ ಬಲ ಕಡಮೆಯಾಗುತ್ತದೆ. ಆದುದರಿಂದ ಇದನ್ನು ಒದ್ದೆಯಾಗಿದ್ದಾಗಲೇ ಬಾಚಬೇಕು. ಆದರೆ ಒದ್ದೆಗೂದಲು ಮೆತ್ತಗಾಗಿ ಸುಲಭವಾಗಿ ಹಿಗ್ಗುವುದರಿಂದ ಮೆಲ್ಲನೆ ಬಾಚಬೇಕು, ಎಳೆಗಳ ನಡುವೆ ಜಾರುವ ಪದಾರ್ಥವೊಂದು ಇರಬೇಕು. ಅಂಗಡಿಯಲ್ಲಿ ದೊರೆಯುವ ಕಂಡಿಷನರ್ ಆಗಬಹುದು. ದಾಸವಾಳದ ಎಲೆಯನ್ನು ಕಿವುಚಿದ ಲೋಳೆಯೂ ಆಗಬಹುದು. ಮಲೆನಾಡಿನ ಮನೆಗಳಲ್ಲಿ ಗೊಂಪು ಎಂದು ಕರೆದು ತಲೆಗೆ ಹಚ್ಚುವುದು ಇದನ್ನೇ. ಯಂತ್ರದ ಅಚ್ಚಿಗೆ ಎಣ್ಣೆ ಬಿಡುವುದೂ ಕೂದಲಿಗೆ ಲೋಳೆ ಹಚ್ಚುವುದೂ ಘರ್ಷಣೆಯ ದೃಷ್ಟಿಯಿಂದ ಒಂದೇ ಕೆಲಸ.

ಕೂದಲನ್ನು ನಾಲ್ಕು ಪಾಲು ಮಾಡಿಕೊಂಡು, ಮೊದಲು ಬೆರಳಿನಿಂದಲೂ ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದಲೂ ಸಿಕ್ಕು ಬಿಡಿಸಬೇಕು. ಪ್ರಾರಂಭ ತುದಿಯಲ್ಲಿ, ಅಲ್ಲಿಂದ ಮೇಲುಮೇಲಕ್ಕೆ ಬುಡದ ಕಡೆಗೆ ಬರಬೇಕು. ಬುಡದಿಂದ ಎಳೆದರೆ ಎಲ್ಲ ಗಂಟುಗಳೂ ಕೆಳಗೆ ಒತ್ತರಿಸಿ ಒಂದೇ ಗಂಟಾಗಿ ಬಿಗಿಯುತ್ತವೆ. ಆ ಬಿಗಿತದ ಪರಿಣಾಮವನ್ನು ಮೇಲೆ ಲೆಕ್ಕ ಹಾಕಿದ್ದೇವೆ. ಬಾಚುವಾಗ ಬುಡವನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರೆ ಎಳೆತ ನೆತ್ತಿಗೆ ತಾಕುವುದಿಲ್ಲ, ಮಗುವಿಗೆ ನೋವಾಗುವುದಿಲ್ಲ.

ತಲೆಗೆ ಎರೆಯುವುದು ವಾರಕ್ಕೊಮ್ಮೆ ಸಾಕು. ಎರೆಯುವ ಮುನ್ನ ಕೆಲವು ಗಂಟೆ ಕೊಬ್ಬರಿ ಎಣ್ಣೆ ಹಚ್ಚಿಡುವುದು ಒಳ್ಳೆಯದು. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದುದು. ಆದುದರಿಂದ ಅದು ಕೂದಲಿನೊಳಕ್ಕೆ ಇಳಿದು ತೊಳೆಯುವಾಗ ಪ್ರೋಟೀನು ಕರಗಿಹೋಗದಂತೆ ತಡೆಯುತ್ತದೆಂದೂ, ಸೂರ್ಯಕಾಂತಿಯ ಎಣ್ಣೆಗೂ ಖನಿಜತೈಲಕ್ಕೂ ಈ ಶಕ್ತಿಯಿಲ್ಲವೆಂದೂ 2003ರಲ್ಲಿ ಪ್ರಕಟವಾದ ಮುಂಬಯಿಯ ಪ್ರಯೋಗಗಳು ತೋರಿಸಿದುವು. ಆ ಪ್ರಯೋಗಗಳು ಕೊಬ್ಬರಿ ಎಣ್ಣೆ ಮಾರುವ ಸಂಸ್ಥೆಯದೆಂಬುದನ್ನು ಓದುಗರು ಗಮನದಲ್ಲಿಡಬೇಕು. ಗಡಸು ನೀರಿನಲ್ಲಿ ಸಾಬೂನಿಗಿಂತ ಶಾಂಪೂ ಮೇಲು, ಅದರಿಂದ ಕಿಟ್ಟ ಹುಟ್ಟುವುದಿಲ್ಲ. ಮಳೆನೀರು ಸಂಗ್ರಹಿಸಿದ ಮನೆಗಳಲ್ಲಿ ಕೊನೆಯ ತಂಬಿಗೆಗಳಿಗೆ ಶುಚಿಯಾದ ಆ ಮೆದುನೀರನ್ನೇ ಬಳಸಬಹುದು.

ಒರಸುವಾಗ ತಿಕ್ಕಬಾರದು. ಹೊರಪೊರೆಯ ಹುರುಪೆಗಳು ತುದಿಯ ಕಡೆಗೆ ಬಾಗಿರುವುದರಿಂದ ಕೂದಲು ಒಂದು ದಿಕ್ಕಿನಲ್ಲಿ ಜಾರಿ ಇನ್ನೊಂದು ದಿಕ್ಕಿನಲ್ಲಿ ತಡೆಯುತ್ತದೆ. ನೆನೆದ ಉಣ್ಣೆಯನ್ನು ತಿಕ್ಕಿದರೆ ಎಳೆಗಳು ಹೆಣೆದುಕೊಂಡು ದಟ್ಟವಾಗುವುದು ಈ ಗುಣದಿಂದಲೇ. ಉಣ್ಣೆಗೆ ಇದು ಗುಣವಾದರೂ ಮಗುವಿನ ತಲೆಗೆ ಸಿಕ್ಕು. ಹಳೆಯ ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ನೀರನ್ನು ತೆಗೆಯಬೇಕು. ಕೊಂಚ ತೇವವಿರುವಾಗಲೇ ಕೆಲವು ಹನಿ ಎಣ್ಣೆಯನ್ನು ತುದಿಯವರೆಗೆ ಸವರಿದರೆ ತೇವ ಬೇಗನೆ ಆರಿಹೋಗುವುದಿಲ್ಲ. ರಾತ್ರಿ ಸಡಿಲವಾದ ಜಡೆ ಹೆಣೆದು, ಹಳೆಯ ರೇಷ್ಮೆಸೀರೆಯ ತುಂಡನ್ನು ದಿಂಬಿಗೆ ಹೊದಿಸಿದರೆ ಘರ್ಷಣೆ ಇನ್ನೂ ಕಡಮೆ.

ಜಡೆಯ ವಿಷಯದಲ್ಲಿ ತಂದೆಯ ನಾಡಿನ ಹೆಂಗಸರಿಂದ ಕಲಿಯಬೇಕಾದುದಿದೆ. ನೆತ್ತಿಯುದ್ದಕ್ಕೂ ಸಾಲುಸಾಲಾಗಿ ಸಣ್ಣ ಜಡೆಗಳನ್ನು ಹೆಣೆದು ದಿನಗಟ್ಟಲೆ ಹಾಗೆಯೇ ಬಿಡುವುದು ಅಲ್ಲಿಯ ಹಳೆಯ ಪದ್ಧತಿ. ದಿನವೂ ಬಾಚುವ ಅಗತ್ಯ ತಪ್ಪುವುದೇ ಅದರ ಗುಣ. ಆದರೆ ಯಾವ ಜಡೆಯೂ ನೋಯುವಷ್ಟು ಬಿಗಿಯಾಗಬಾರದು. ಸತತವಾದ ಎಳೆತದಿಂದ ಹಣೆಯಂಚಿನಲ್ಲಿಯೂ ಕಪೋಲದ ಮೇಲ್ಭಾಗದಲ್ಲಿಯೂ ಕೂದಲು ಉದುರುತ್ತದೆ. ಬಹುಕಾಲ ಮುಂದುವರಿದರೆ ಅಲ್ಲಿ ಕೂದಲು ಮತ್ತೆ ಬಾರದೆ ಹೋಗಬಹುದು. ಅಂಚು ತೆಳುವಾದುದು ಕಂಡೊಡನೆ ಜಡೆಯನ್ನು ಸಡಿಲಿಸಬೇಕು, ವೈದ್ಯರಿಗೆ ತೋರಿಸಬೇಕು.

ನೇರಗೊಳಿಸುವ ಮದ್ದುಗಳು

ಹೀಗೆಲ್ಲ ಶ್ರಮಪಡುವ ಬದಲು ಕೂದಲನ್ನೇ ನೇರಮಾಡಿಬಿಡಬಾರದೇಕೆ ಎಂದು ಕೆಲವರು ಕೇಳಬಹುದು. ನೇರಗೊಳಿಸುವ ಕೆಲವು ಮದ್ದುಗಳಲ್ಲಿರುವುದು ಸೋಡಿಯಂ ಹೈಡ್ರಾಕ್ಸೈಡ್, ಸಾಬೂನು ಕುದಿಸುವಾಗ ಬಳಸುವ ಅದೇ ದಾಹಕ ಕ್ಷಾರ. ಅದು ಗಂಧಕದ ಬಂಧಗಳನ್ನೇ ಮುರಿಯುತ್ತದೆ. ಮುರಿದ ಬಂಧ ನೀರಿನಿಂದ ಬಿಟ್ಟ ಬಂಧದಂತೆ ಮತ್ತೆ ಕೂಡುವುದಿಲ್ಲ. ಕೂದಲು ನೇರವಾಗುವುದರೊಡನೆ ದುರ್ಬಲವೂ ಆಗುತ್ತದೆ, ನೆತ್ತಿ ಸುಡುವ ಅಪಾಯವೂ ಉಂಟು. ಹೊಸದಾಗಿ ಬೆಳೆದ ಬುಡವಂತೂ ಸುರುಳಿಯಾಗಿಯೇ ಇರುತ್ತದೆ. ಅಮೆರಿಕದಲ್ಲಿ 33,000ಕ್ಕೂ ಹೆಚ್ಚು ಮಹಿಳೆಯರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಮದ್ದನ್ನು ಎಂದೂ ಬಳಸದವರಲ್ಲಿ 70ನೆಯ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇಕಡ 1.64 ಎಂದೂ, ಪದೇಪದೇ ಬಳಸಿದವರಲ್ಲಿ ಶೇಕಡ 4.05 ಎಂದೂ ಅಂದಾಜಾಯಿತು. ಮದ್ದೇ ಕಾರಣವೆಂಬುದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಬೆಳೆಯುವ ಮಗುವಿನ ತಲೆಗೆ ಅದನ್ನು ಹಚ್ಚುವ ಮುನ್ನ ನಿಂತು ಯೋಚಿಸುವುದಕ್ಕೆ ಇಷ್ಟು ಸಾಕು.

ನಿಸರ್ಗ ಕೊಟ್ಟ ಕೊಡೆ

ಸುರುಳಿಗೆ ಪ್ರಯೋಜನವೂ ಇದೆ. ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ಮತ್ತು ಇಂಗ್ಲೆಂಡಿನ ಲಫ್ಬರೋ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಮೈಯೊಳಗೆ ಶಾಖವಿರುವ ಬೊಂಬೆಯೊಂದಕ್ಕೆ ನೇರ, ಸುರುಳಿ, ಬಿಗಿಸುರುಳಿ ಕೂದಲಿನ ಟೋಪನ್ನುಗಳನ್ನು ಒಂದಾದಮೇಲೊಂದು ತೊಡಿಸಿ, ಬಿಸಿಲಿನಂಥ ದೀಪಗಳ ಕೆಳಗೆ ನಿಲ್ಲಿಸಿ, ನೆತ್ತಿಗೆ ಇಳಿಯುವ ಶಾಖವನ್ನು ಅಳೆದು 2023ರಲ್ಲಿ ಪ್ರಕಟಿಸಿದರು. ಎಲ್ಲ ಕೂದಲೂ ಬಿಸಿಲನ್ನು ತಡೆಯಿತು. ಎಲ್ಲಕ್ಕಿಂತ ಚೆನ್ನಾಗಿ ತಡೆದುದು ಬಿಗಿಸುರುಳಿ. ನೆತ್ತಿಗೂ ಹೊರಮೈಗೂ ನಡುವೆ ಅದು ಗಾಳಿಯ ದಪ್ಪ ಪದರವೊಂದನ್ನು ಹಿಡಿದಿಡುವುದರಿಂದ, ನೆತ್ತಿಯನ್ನು ತಂಪಾಗಿಡಲು ಬೇಕಾಗುವ ಬೆವರು ಕಡಮೆಯಾಗುತ್ತದೆ. ಆಫ್ರಿಕದ ಬಿಸಿಲಿನಲ್ಲಿ ನಡೆದಾಡುತ್ತಿದ್ದ ನಮ್ಮೆಲ್ಲರ ಪೂರ್ವಿಕರ ಮಿದುಳನ್ನು ಕಾದುದು ಇಂಥ ಕೂದಲೇ ಇರಬಹುದೆಂದು ಆ ವಿಜ್ಞಾನಿಗಳ ಊಹೆ.

ಇನ್ನು ಶಾಲೆಯ ಮಾತೊಂದು ಉಳಿಯಿತು. ಹೆಣ್ಣುಮಕ್ಕಳು ಎಣ್ಣೆ ಹಚ್ಚಿ ಎರಡು ಬಿಗಿಜಡೆ ಹಾಕಿಕೊಂಡು ಬರಬೇಕೆಂಬುದು ಅನೇಕ ಶಾಲೆಗಳ ನಿಯಮ. ಶುಚಿಯಾಗಿರಲಿ, ಅಚ್ಚುಕಟ್ಟಾಗಿರಲಿ ಎಂಬುದು ಅದರ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಸುರುಳಿಗೂದಲಿನ ಮಗುವಿಗೆ ಆ ನಿಯಮ ಅಕ್ಷರಶಃ ಅನ್ವಯವಾದರೆ ಫಲ ನೋವು, ಬೋಳಾದ ಹಣೆಯಂಚು. ವಾರಕ್ಕೊಮ್ಮೆ ತೊಳೆದು, ಸಾಲುಜಡೆ ಹೆಣೆದ ತಲೆ ಎರಡು ಜಡೆಯ ತಲೆಯಷ್ಟೇ ಶುಚಿಯಾದುದು. ಪುಟ್ಟೇನಹಳ್ಳಿಯ ತರಗತಿಯಲ್ಲಾಗಲಿ ಯಲ್ಲಾಪುರದ ವಿದ್ಯಾರ್ಥಿನಿಲಯದಲ್ಲಾಗಲಿ, ಪಕ್ಕದಲ್ಲಿ ಕುಳಿತ ಗೆಳತಿಯ ತಲೆಯನ್ನು ಕುರಿತು ಯಾರಾದರೂ ನಕ್ಕಾಗ, ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಒಂದು ಕಾಗದದ ಪಟ್ಟಿಯನ್ನು ಅಳತೆಪಟ್ಟಿಯ ಅಂಚಿಗೆ ಎಳೆದು, ಅದು ಏಕೆ ಸುರುಳಿಯಾಯಿತೆಂದು ಅವರಿಗೆ ವಿವರಿಸಿ ಹೇಳಬಲ್ಲರು.